ಮೂರು ಗೋಡೆಯ ಉಳಿತಾಯ

ದುಬೈಯಲ್ಲಿ ಮನುಷ್ಯನಿಗೆ ವಯಸ್ಸಾದರೆ ವೀಸಾ ರದ್ದಾಗುತ್ತದೆ; ಮನೆಗೆ ವಯಸ್ಸಾದರೆ ಮಾಲೀಕನೇ ರದ್ದಾಗುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಮರಳಿನ ನಡುವೆ ಕೊಂಡ ನನ್ನ ವಿಲ್ಲಾಕ್ಕೆ (ಹೆಸರು ದೊಡ್ಡದು, ಮಲಗುವ ಕೋಣೆ ಎರಡೇ) ಹೊರಗಿನಿಂದ ಕ್ಲ್ಯಾಡಿಂಗ್ ಎಂಬ ಹಲಗೆಯ ಅಂಗಿ ತೊಡಿಸಿದ್ದರು. ಅದೀಗ ಬಿಸಿಲಿಗೆ ಸೊಟ್ಟಗಾಗಿ ಒಂದೊಂದೇ ಕಳಚತೊಡಗಿತ್ತು. ಅದೂ ಯಾವಾಗ? ಮಗಳು ಪರ್ಲ್‌ಳ ಮದುವೆ ಗೊತ್ತಾಗಿ, ಬೀಗರು ಮೊದಲ ಬಾರಿ ಮನೆಗೆ ಬರುವ ತಿಂಗಳಲ್ಲಿ! ನನ್ನ ಮಾನವೆಲ್ಲ ಆ ಹಲಗೆಗಳ ಮೇಲೆ ನಿಂತಿತ್ತು.

ಗುತ್ತಿಗೆದಾರ ಸಫೀರ್ ಮನೆಗೊಂದು ಸುತ್ತು ಹಾಕಿ, "ನಾಲ್ಕೂ ಗೋಡೆಗೆ ನಲ್ವತ್ತೆರಡು ಸಾವಿರ ದಿರ್ಹಮ್ ಸಾರ್," ಎಂದ. ನನಗೆ ಬಿಪಿ ಮಾತ್ರೆ ನೆನಪಾಯಿತು. ಅದರ ಬೆನ್ನಿಗೇ ಜ್ಞಾನೋದಯವೂ ಆಯಿತು.

"ಎದುರಿನ ಗೋಡೆ ಒಂದೇ ಮಾಡು. ಹನ್ನೊಂದು ಸಾವಿರಕ್ಕೆ ಮುಗಿಸು."

"ಹಿಂದಿನದ್ದು?" ಎಂದಳು ನನ್ನಾಕೆ ಮೆಟಿಲ್ಡಾ.

"ಬೀಗರು ಎದುರಿನಿಂದ ಬರ್ತಾರೆ, ಎದುರಿನಿಂದ ಹೋಗ್ತಾರೆ. ಹಿಂದೆ ಅವರಿಗೆಂತ ಕೆಲಸ?"

"ಮೇಲೆ ಕೋಟು, ಒಳಗೆ ಹರಿದ ಬನಿಯನ್. ನಿಮ್ಮ ಬುದ್ಧಿಯೇ ಅಷ್ಟು ಮಾರಾಯ್ರೆ."

ಶನಿವಾರ ಬೀಗರು ಬಂದರು. ಫಳಫಳ ಹೊಳೆಯುವ ಬೂದು ಗೋಡೆಯ ಮುಂದೆ ನಾನು ಶೇಖನಂತೆ ನಿಂತಿದ್ದೆ. ವರನ ತಾಯಿ ಬೆಟ್ಟಿ ಕಾರಿನಿಂದ ಇಳಿದವರೇ ಮೂಗರಳಿಸಿ, "ಬಫಾತ್ ಮಸಾಲೆಯ ಪರಿಮಳ! ನಾವೆಂತ ಹೊರಗಿನವರಾ, ಎದುರು ಬಾಗಿಲಲ್ಲಿ ಬರ್ಲಿಕ್ಕೆ? ಅಡಿಗೆಮನೆ ಕಡೆಯಿಂದ್ಲೇ ಬರ್ತೇವೆ," ಎಂದು ಮನೆಯ ಬದಿಯಿಂದ ನಡೆದೇಬಿಟ್ಟರು. ನಮ್ಮ ಕರಾವಳಿಯವರ ಹಾಳು ಆತ್ಮೀಯತೆ! ಹತ್ತಿರದವರೆಂದು ತೋರಿಸಲು ಹಿತ್ತಿಲ ಬಾಗಿಲೇ ಆಗಬೇಕು. (ಮೆಟಿಲ್ಡಾಳ ತವರಿಗೆ ನಾನೂ ಹಾಗೆಯೇ ನುಗ್ಗುತ್ತಿದ್ದೆ. ಮೂವತ್ತು ವರ್ಷದ ಎಸಿಯಲ್ಲಿ ಮರೆತುಹೋಗಿತ್ತು.)

ನಾನು ಓಡಿಹೋಗಿ ಗೋಡೆಗೆ ಅಡ್ಡ ನಿಂತೆ. ಬೆನ್ನು ತಾಗಿದ್ದೇ ನೆಪ, ಒಂದು ಹಲಗೆ ಬೆಟ್ಟಿಯವರ ಕಾಲಬುಡಕ್ಕೆ ಬಿತ್ತು.

"ಆನ್ಸೆಲ್ಮ್ ಬಾಬ್, ಕೆಲಸ ಅರ್ಧ ಆದದ್ದಾ?" ಎಂದು ಬೆಟ್ಟಿ ನನ್ನನ್ನು ಕೇಳಿದರು.

"ಹೌದೌದು! ಉಳಿದದ್ದು ಮುಂದಿನ ವಾರ!"

"ಒಳ್ಳೇದಾಯ್ತು. ಪರ್ಲ್‌ನ ರೋಸ್ ಇಲ್ಲೇ ಮಾಡುವ. ಈ ಗೋಡೆ ಎದುರೇ ಫೋಟೋ."

ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ. ನೂರೈವತ್ತು ಜನ, ಮುನ್ನೂರು ಕಣ್ಣು, ಎಲ್ಲವೂ ನನ್ನ ಹಿಂದಿನ ಗೋಡೆಯ ಮೇಲೆ! ಸೋಮವಾರವೇ ಸಫೀರನಿಗೆ ಫೋನ್ ಮಾಡಿದೆ.

"ಸಾರ್, ಆ ಕಲರ್ ಖಲಾಸ್. ಸ್ಟಾಕ್ ಮಾಫಿ, ಇಲ್ಲವೇ ಇಲ್ಲ. ಇಡೀ ಮನೆ ಒಂದೇ ಕಲರ್ ಇರ್ಬೇಕಂತ ಈ ವಿಲ್ಲಾಗಳ ಕಮ್ಯುನಿಟಿ ಆಫೀಸಿನ ರೂಲ್ ಉಂಟು. ಎದುರಿನದ್ದೂ ಕೀಳ್ಬೇಕು."

ಹಾಗೆ, ಮೂರು ವಾರದ ಹಸುಗೂಸು ಗೋಡೆಯನ್ನು ಕೀಳುವ ಕೂಲಿಯೂ ಸೇರಿ ಇನ್ನೂ ನಲ್ವತ್ತೈದು ಸಾವಿರ ಕೈಬಿಟ್ಟಿತು. ನಿಜ ಹೇಳುತ್ತೇನೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕೆಲಸ ಮುಗಿದ ಸಂಜೆ ಹಿತ್ತಿಲಲ್ಲಿ ಟೇಪು ಹಿಡಿದು ನಿಂತಿದ್ದೆ.

"ಡ್ಯಾಡಿ, ವಾಟ್ ಆರ್ ಯೂ ಮೆಷರಿಂಗ್?" ಎಂದಳು ಪರ್ಲ್.

"ನಿನ್ನ ರೋಸಿಗೆ ಚಪ್ಪರ."

"ಆಗಸ್ಟ್‌ನಲ್ಲಿ? ಔಟ್‌ಡೋರ್? ಐ ವಿಲ್ ಬಾಯಿಲ್! ಬೆಟ್ಟಿ ಆಂಟಿ ಇಲ್ಲಿಗೆ ಬಂದ ಮರುದಿನವೇ ರೋಸಿಗೆ ಹೋಟೆಲ್ ಬುಕ್ ಮಾಡಿದ್ರಲ್ಲ. ಮಮ್ಮಿ ಡಿಡಂಟ್ ಟೆಲ್ ಯೂ?"

ಟೇಪು ಕೈಜಾರಿ ಸರ್ರನೆ ಸುತ್ತಿಕೊಂಡಿತು. ಅಡಿಗೆಮನೆ ಬಾಗಿಲಲ್ಲಿ ಮೆಟಿಲ್ಡಾ ಹೊಸ ಗೋಡೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ನನಗೆ?" ಎಂದು ಕಿರುಚಿದೆ.

"ಹೇಳಿದ್ರೆ ನೀವು ಇದನ್ನು ಮಾಡಿಸ್ತಿದ್ರಾ?"