ನಡುವೆ ಬಾಯಿ ಹಾಕದ ಕಾಕಾ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಮೂವತ್ತು ವರ್ಷ ಹೆಂಡತಿಯೊಂದಿಗೆ ಜಗಳವಾಡಿದ. ಒಮ್ಮೆಯೂ ಅವಳ ಮಾತಿನ ನಡುವೆ ಬಾಯಿ ಹಾಕಲಿಲ್ಲ. ಎಂಥ ಸಭ್ಯ ಗಂಡ ಎಂದುಕೊಂಡಿರಾ? ಮೋಸಹೋದಿರಿ! ಅದು ಹ್ಯಾಮ್ ರೇಡಿಯೋ ಹಚ್ಚಿದ ಚಟ. ಹ್ಯಾಮ್ ಎನಿಸಿಕೊಳ್ಳುವ ಆ ಹವ್ಯಾಸಿಗಳ ಸೆಟ್ಟಿನಲ್ಲಿ ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು. ಮಾತು ಮುಗಿದಾಗ ‘ಓವರ್’ ಎನ್ನಬೇಕು. ಕಾಕಾ ಇದನ್ನು ಊಟದ ತಟ್ಟೆಯವರೆಗೂ ತಂದಿದ್ದ. ‘ಸಾರಿಗೆ ಉಪ್ಪು ಕಡಿಮಿ ಆಗೇದ, ಓವರ್’ ಎಂದು ಕೈಕಟ್ಟಿ ಕೂರುವನು. ಅವನ ಹೆಂಡತಿ, ನಮ್ಮ ಕಾಕು, ಎಂದೂ ಓವರ್ ಎನ್ನದ ಕಾರಣ ಅವನ ಸರದಿ ಮತ್ತೆ ಬರುತ್ತಲೇ ಇರಲಿಲ್ಲ.

ಭಾನುವಾರ ಮುಂಬಯಿಯ ಹ್ಯಾಮ್‌ಗಳೆಲ್ಲ ಗಾಳಿಯಲ್ಲೇ ಸಭೆ ಸೇರುತ್ತಿದ್ದರು. ಕಾಕಾ ಅಲ್ಲಿ ತಾನಾಗಿಯೇ ನೇಮಿಸಿಕೊಂಡ ಮೇಷ್ಟ್ರು. ಮೊದಲು ಕೇಳು, ಆಮೇಲೆ ಮಾತಾಡು. ಒಬ್ಬರು ಮುಗಿಸಿದ ಮೇಲೆ ಎರಡು ಎಣಿಸು. ಕಷ್ಟದಲ್ಲಿದ್ದವರು ಯಾರಾದರೂ ನಡುವೆ ಬರುವವರಿರಬಹುದು. ಒಳ್ಳೆಯ ಬುದ್ಧಿಯೇ ಸರಿ, ಆದರೆ ದಾದರ್ ಸ್ಟೇಶನ್ನಿನಲ್ಲೂ ಎರಡು ಎಣಿಸುವುದೇ? ಹಾಗೆ ಎಣಿಸುತ್ತ ನಿಂತು ಸಾಲಾಗಿ ಮೂರು ಲೋಕಲ್ ರೈಲು ಬಿಟ್ಟುಕೊಟ್ಟ ಮಹಾನುಭಾವ ಭೂಮಿಯ ಮೇಲೆ ಇವನೊಬ್ಬನೇ!

ಅದು ಎಂಬತ್ತರ ದಶಕ. ಫೋನಿಗೆ ಅರ್ಜಿ ಹಾಕಿದವರಿಗೆ ಮೊಮ್ಮಕ್ಕಳಾದರೂ ಫೋನ್ ಬಾರದ ಕಾಲ. ವಿಕ್ರೋಳಿಯ ನಮ್ಮ ಕಂಪನಿ ಕಾಲನಿಯ ಎತ್ತರದ ಬಿಲ್ಡಿಂಗಿನ ಮೇಲೆ ಹ್ಯಾಮ್‌ಗಳ ರಿಪೀಟರ್ ಇತ್ತು. ಕೈಸೆಟ್ಟಿನ ಸಣ್ಣ ದನಿಯನ್ನು ಹಿಡಿದು ದೂರದವರೆಗೆ ಮತ್ತೆ ಕೂಗಿ ಹೇಳುವ ಪೆಟ್ಟಿಗೆ. ಅದನ್ನು ಟೆಲಿಫೋನಿಗೆ ಜೋಡಿಸಬೇಕೆಂಬುದು ಕಾಕಾನ ಹಂಬಲ. ಊರ ಫೋನಿಗೆ ಜೋಡಿಸಲು ಕಾನೂನು ಬಿಡದು. ಹಾಗಾಗಿ ಕಾಲನಿಯ ಮನೆಮನೆಗಿದ್ದ ಇಂಟರ್‌ಕಾಮಿಗೆ ಜೋಡಿಸಿದ. ಮೊದಲ ದಿನ ನಂಬರು ತಪ್ಪಿ ಕಾಲನಿಯ ಸೆಕ್ರೆಟರಿ ಮನೆಯ ಇಂಟರ್‌ಕಾಮ್ ರಿಂಗಾಯಿತು. ಫೋನ್ ಎತ್ತಿದ ಅವರ ಹೆಂಡತಿಗೆ ಒಂದೊಂದು ದಿಕ್ಕಿನಿಂದ ಒಬ್ಬೊಬ್ಬ ಗಂಡಸು ನಮಸ್ಕಾರ ಹೇಳಿದ. ಮರುವಾರ ಆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದಕ್ಕೆ ಎಲ್ಲರಿಗಿಂತ ಮುಂದೆ ಕಾಕಾನೇ ಕೂತಿದ್ದ!

ಇಷ್ಟೆಲ್ಲ ನಕ್ಕವನು ನಾನೇ. ಆದರೆ ಅದೇ ಕಾಲನಿಯಲ್ಲಿ ನನ್ನದೊಂದು ನೋವಿತ್ತು. ಮರಾಠಿ ಹುಡುಗಿಯನ್ನು ಮದುವೆಯಾಗಿ ಎರಡು ವರ್ಷವಾದರೂ ಡೊಂಬಿವಲಿಯಲ್ಲಿದ್ದ ಅಪ್ಪ ಅವಳನ್ನು ಮನೆಗೆ ಕರೆದಿರಲಿಲ್ಲ. ಮೂರು ಸಲ ಹೋಗಿದ್ದೆ. ಮೂರು ಸಲವೂ ಇಬ್ಬರೂ ಒಟ್ಟಿಗೇ ಕೂಗಾಡಿ, ಯಾರು ಏನೆಂದರೆಂದು ಇಬ್ಬರಿಗೂ ತಿಳಿಯದೆ ಬಾಗಿಲು ಬಡಿದು ಬಂದಿದ್ದೆ. ನೂಲಿನಂತೆ ಸೀರೆ! ಆದರೂ ಅಪ್ಪ ಬೇಕೆನಿಸುವುದು ನಿಲ್ಲಲಿಲ್ಲ.

ಒಂದು ಸಂಜೆ ನಮ್ಮ ಮನೆಯ ಇಂಟರ್‌ಕಾಮ್ ರಿಂಗಾಯಿತು. ಕಾಕಾ ಕೈಸೆಟ್ಟು ಹಿಡಿದು ಡೊಂಬಿವಲಿಗೆ ಹೋಗಿ, ಅಪ್ಪನ ಪಕ್ಕದಲ್ಲೇ ನಿಂತಿದ್ದ.

‘ನಿಮ್ಮಪ್ಪ ಮಾತಾಡ್ತಾನ. ಅಂವಾ ಓವರ್ ಅನ್ನೂತನಕ ನೀ ಸುಮ್ಮನಿರು. ಮಂದಿ ಕೇಳ್ಲಿಕತ್ತಾರ.’

ಅಪ್ಪ ಶುರುಮಾಡಿದ. ನನಗೆ ಮೈ ಉರಿಯಿತು, ಕೂಗಿದೆ. ಆದರೆ ಅಪ್ಪ ಗುಂಡಿ ಬಿಡುವವರೆಗೆ ನನ್ನ ಕೂಗು ಪೆಟ್ಟಿಗೆ ದಾಟದು! ಬೇರೆ ದಾರಿಯಿಲ್ಲದೆ ಕೇಳಿದೆ. ಅಪ್ಪ ಜಾತಿಯ ಮಾತೆತ್ತಲಿಲ್ಲ, ಭಾಷೆಯ ಮಾತೆತ್ತಲಿಲ್ಲ. ನನ್ನ ಮದುವೆಯ ಸುದ್ದಿ ಅವನಿಗೆ ತಿಳಿದದ್ದು ತರಕಾರಿ ಮಾರ್ಕೆಟ್ಟಿನಲ್ಲಿ, ಯಾರೋ ಪರಿಚಯದವರ ಬಾಯಿಂದಂತೆ.

‘ಕೈಯಾಗ ಪಾಲಕ್ ಹಿಡಕೊಂಡು ನಿಂತಿದ್ದೆ. ಎಲ್ಲಾ ಗೊತ್ತದ ಅನ್ನೋರಗತೆ ನಕ್ಕೆ. ನನಗೊಂದು ಮಾತು ಹೇಳಬೇಕಾಗಿತ್ತಪಾ ನೀ. ಓವರ್.’

ಎರಡು ವರ್ಷ ಅಪ್ಪ ಇದನ್ನೇ ಹೇಳುತ್ತಿದ್ದನೇ? ನನ್ನ ಗದ್ದಲದಲ್ಲಿ ನನಗೇ ಕೇಳಿಸಿರಲಿಲ್ಲ. ಹೇಳಲು ಹೆದರಿದ್ದೆ, ತಪ್ಪು ನನ್ನದೇ ಎಂದೆ. ಮರೆಯದೆ ಓವರ್ ಎಂದೆ. ಆ ಕಡೆ ಅಪ್ಪ ಗುಂಡಿ ಒತ್ತಿದ. ದೂರದಲ್ಲಿ ಲೋಕಲ್ ಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ಕೇಳುತ್ತಿದ್ದ ಹ್ಯಾಮ್‌ಗಳಲ್ಲಿ ಒಬ್ಬರೂ ನಡುವೆ ಬರಲಿಲ್ಲ. ಮುಖ ಕಾಣದ ಆ ಪುಣ್ಯಾತ್ಮರಿಗೆ, ಅವರನ್ನು ಹಾಗೆ ಪಳಗಿಸಿದ ನನ್ನ ಹುಚ್ಚು ಕಾಕಾನಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಕೊನೆಗೆ ಅಪ್ಪ, ಅವಳಿಗೆ ಫೋನ್ ಕೊಡು ಎಂದ. ಇಷ್ಟು ವರ್ಷ ಮುಂಬಯಿಯಲ್ಲಿದ್ದೂ ಮರಾಠಿ ತನ್ನ ನಾಲಿಗೆಗೆ ಹೊರಳದು ಎನ್ನುತ್ತಿದ್ದವನು ತಡವರಿಸುತ್ತ ಹೇಳಿದ:

‘ಸೂನ್‌ಬಾಯಿ, ಘರೀ ಯೇ.’

ಸೊಸೆಯೇ, ಮನೆಗೆ ಬಾ ಎಂದದ್ದನ್ನು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನನ್ನಿಂದ ಕಲಿತಿದ್ದ ನಾಲ್ಕು ಮಾತಿನ ಕನ್ನಡದಲ್ಲಿ ಅವಳು ಹೇಳಿದಳು:

‘ಬರ್ತೇನ್ರಿ, ಅಪ್ಪಾ.’