ಸ್ಮಶಾನದ ಪಕ್ಕದ ಟಿವಿಗೆ ಮನೆವಂತಿಗೆ

ಪಂಚಾಯ್ತಿ ಬಿಲ್ ಕಲೆಕ್ಟರನಿಗೆ ದೆವ್ವ ಭೂತದ ಭಯ ಇರುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ಕೆಲಸಕ್ಕೆ ಸೇರುವ ಮುಂಚೆ ನನಗೆ ಅಂಥ ಭಯ ಇರಲೇ ಇಲ್ಲ, ಸೇರಿದ ಮೇಲೆ ಬಂತು. ಅದೇನು ಗ್ರಹಚಾರವೋ, ಇಂಥವೆಲ್ಲ ಹುಡುಕಿಕೊಂಡು ಬಂದು ನನ್ನ ಕೊರಳಿಗೇ ಬೀಳುತ್ತಿದ್ದವು.

ನಮ್ಮದು ಹಳೇಬೀಡಿನಿಂದ ಹುಲಿಕೆರೆ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು. ತೊಂಬತ್ತರ ದಶಕದ ನಡುವಿನಲ್ಲಿ ಸರ್ಕಾರ ನಮಗೊಂದು ಬಣ್ಣದ ಟಿವಿ ಕೊಟ್ಟಿತು. ಟಿವಿ ಇಡಲು ಸಮುದಾಯ ಭವನ ಬೇಕು, ಭವನಕ್ಕೆ ಜಾಗ ಬೇಕು. ಊರಲ್ಲಿ ಒಬ್ಬರೂ ಒಂದಡಿ ಬಿಡಲಿಲ್ಲ. ಕೊನೆಗೆ, ಬೇಡ ಎನ್ನಲು ಬಾಯಿಲ್ಲದವರ ಪಕ್ಕದಲ್ಲಿ, ಅಂದರೆ ಸ್ಮಶಾನದ ಬೇಲಿಗೆ ಅಂಟಿಕೊಂಡೇ ಭವನ ಎದ್ದಿತು.

ಟಿವಿ ಸರ್ಕಾರದ್ದು, ಕರೆಂಟು ರಿಪೇರಿ ಊರಿನದು. ಪಂಚಾಯ್ತಿ ಅಧ್ಯಕ್ಷರು ಸಭೆ ಕರೆದು ಒಂದು ಕಟ್ಟುಪಾಡು ಮಾಡಿದರು. ಟಿವಿ ನೋಡಲಿ ಬಿಡಲಿ, ಒಲೆ ಉರಿಯುವ ಪ್ರತಿ ಮನೆಯೂ ತಿಂಗಳಿಗೆ ಒಂದು ಕಟ್ಟು ಬೀಡಿಯಷ್ಟು ದುಡ್ಡು ವಂತಿಗೆ ಕೊಡಬೇಕು. ಒಂದೇ ಒಂದು ಒಲೆ ತಪ್ಪಿದರೂ ಟಿವಿಗೆ ಬೀಗ. ಬೀಗ ಬಿದ್ದ ಟಿವಿಯನ್ನು ಎತ್ತಿಕೊಂಡು ಹೋಗಲು ಪಕ್ಕದ ಊರಿನವರು ಆಗಲೇ ಬೇಲೂರಿನ ಕಚೇರಿಗೆ ಓಡಾಡುತ್ತಿದ್ದರು. ವಸೂಲಿಯ ಭಾರ ಮಾತ್ರ ನನ್ನ ತಲೆಗೆ ಬಂತು.

ಅರ್ಧ ಒಲೆ

ಮೊದಲು ಹೋದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ತಾತನಿಗೆ ಕಣ್ಣು ಪೂರ್ತಿ ಹೋಗಿತ್ತು. ಮುಸ್ಸಂಜೆ ಹೊತ್ತು, ಜಗಲಿಯ ಕತ್ತಲಲ್ಲಿ ಕಂಬಳಿ ಹೊದ್ದು ಕೂತಿದ್ದವನು ನಾನು ಚಪ್ಪಲಿ ಬಿಡುವ ಮುಂಚೆಯೇ "ಬಾರಪ್ಪಾ ಬಿಲ್ ಕಲೆಕ್ಟ್ರೇ" ಅಂದ. ನನ್ನ ಹೆಜ್ಜೆ ನನಗೇ ಕೇಳಿಸಿರಲಿಲ್ಲ.

"ಟಿವಿ ಅಂದ್ರೆ ನೋಡೋದೊಂದು, ಕೇಳೋದೊಂದು. ನಂಗೆ ನೋಡೋದಿಲ್ಲ. ಅರ್ಧ ಇಸ್ಕೊಂಡು ಹೋಗು" ಅಂದ ತಾತ.

ನ್ಯಾಯವೇ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಬಂದಳು. ಆಕೆಗೆ ಕಿವಿ ಕೇಳದು. "ನಾನು ಬರೀ ನೋಡ್ತೀನಿ ಕಣಪ್ಪ. ನಂಗೂ ಅರ್ಧ ಬಿಟ್ಬಿಡು" ಅಂದಳು.

ಅಧ್ಯಕ್ಷರ ಹತ್ತಿರ ಹೋಗಿ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅವನದರ್ಧ, ಅವಳದರ್ಧ. ಎರಡೂ ಸೇರಿ ಒಂದೊಲೆ ಆಗ್ಲಿಲ್ವೇನಯ್ಯ? ಇಸ್ಕೊಂಡ್ ಬಾ" ಅಂದರು.

ತಾತ ಗೊಣಗುತ್ತಲೇ ದುಡ್ಡು ಕೊಟ್ಟ. ನಾನು ಹೊರಟಾಗ ಕರೆದ. "ಬೇಲಿ ಆಚೆ ಮಲಗಿರೋರಿಗೆ ಕಣ್ಣೂ ಐತೆ, ಕಿವೀನೂ ಐತೆ. ದಿನಾ ಬಿಟ್ಟಿ ನೋಡ್ತಾವ್ರೆ. ಅವರನ್ನ ಯಾಕೆ ಕೇಳಲ್ಲ ನೀವು?"

"ತಾತಾ, ಒಲೆ ಹಚ್ಚೋ ಮನೆಗೆ ಮಾತ್ರ ವಂತಿಗೆ. ಅವರು ಒಲೆ ಹಚ್ಚಲ್ಲ."

"ಹಚ್ಚಲ್ಲ ಅಂತ ಯಾರು ಹೇಳಿದ್ರು?" ತಾತ ಸ್ಮಶಾನದ ಕಡೆಗೆ ಮೂಗು ತಿರುಗಿಸಿ ಒಮ್ಮೆ ಉಸಿರೆಳೆದ. "ಇವತ್ತು ಹುರುಳಿ ಸಾರು."

ಅವತ್ತಿನಿಂದ ಆ ಬೀದಿಯ ವಸೂಲಿಗೆ ನಾನು ಮಧ್ಯಾಹ್ನವೇ ಹೋಗುತ್ತಿದ್ದೆ.

ಹಾಲುತುಪ್ಪದ ದಿನ

ವಂತಿಗೆ ಕೊಡದೆ ಸತಾಯಿಸುತ್ತಿದ್ದವರಲ್ಲಿ ರಾಗಿ ಹೊಲದ ರೈತನೊಬ್ಬ ಇದ್ದ. "ಸಾಯೋ ಮುದುಕನ್ನ ಮನೇಲಿ ಇಟ್ಕೊಂಡು ಟಿವಿ ನೋಡಕ್ಕಾಯ್ತದಾ?" ಅನ್ನುವುದು ಅವನ ವಾದ. ಅವನ ತಂದೆ ಹಾಸಿಗೆ ಹಿಡಿದಿದ್ದರು. ಪಾಪ, ಒಂದು ದಿನ ಮುದುಕರು ಹೋಗಿಯೇಬಿಟ್ಟರು. ಮಣ್ಣು ಮಾಡಿದ್ದು ಭವನದ ಗೋಡೆಗೆ ಹತ್ತಿರದಲ್ಲೇ.

ಮೂರನೇ ದಿನ ಹಾಲುತುಪ್ಪ ಬಿಡುವ ಶಾಸ್ತ್ರ. ಮಗ, ಸೊಸೆ, ನೆಂಟರು ಎಲ್ಲ ಗುಂಡಿಯ ಮೇಲೆ ಎಡೆ ಇಟ್ಟು, ಹಾಲು ಬಿಟ್ಟು, ಕಾಗೆ ಬರಲಿ ಅಂತ ದೂರ ಸರಿದು ನಿಂತಿದ್ದರು. ನಾನೂ ಹೋಗಿದ್ದೆ. ಒಂದು ಕಾಗೆಯೂ ಸುಳಿಯಲಿಲ್ಲ. ಗಾಳಿಯೂ ಇರಲಿಲ್ಲ. "ಏನೋ ಆಸೆ ಉಳ್ಕೊಂಡಿರ್ಬೇಕು" ಅಂತ ಯಾರೋ ಪಿಸುಗುಟ್ಟಿದರು. ಮಗ ಕೈಮುಗಿದು, "ಅಪ್ಪಾ, ಏನಾದ್ರೂ ಇದ್ರೆ ಹೇಳಪ್ಪ" ಅಂದ.

ಹಿಂದಿನ ಸಂಜೆ ಕರೆಂಟು ಹೋದಾಗ ಟಿವಿ ನಿಂತಿತ್ತು. ನಾನು ಟಿವಿ ಇಟ್ಟಿದ್ದ ಮರದ ಪೆಟ್ಟಿಗೆಗೆ ಬೀಗ ಹಾಕಿ ಮನೆಗೆ ಹೋಗಿದ್ದೆ, ಸ್ವಿಚ್ಚು ಹಾಗೇ ಇತ್ತು. ಆ ಕರೆಂಟಿಗೆ ಬರಲು ಅದೇ ಗಳಿಗೆ ಬೇಕಾಗಿತ್ತು.

ಗೋಡೆಯ ಆಚೆಯಿಂದ, ಪೆಟ್ಟಿಗೆಯೊಳಗಿಂದ, ಒಬ್ಬ ಗಂಡಸಿನ ಧ್ವನಿ ನಿಧಾನವಾಗಿ ಎದ್ದಿತು. "ಅಡಚಣೆಗಾಗಿ ಕ್ಷಮಿಸಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ನಿಮ್ಮ ಮುಂದೆ ಬರುತ್ತೇವೆ."

ನೆಂಟರಲ್ಲಿ ಕೆಲವರು ಓಡಿದ ಓಟಕ್ಕೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲೇ ನಿಂತರಂತೆ. ಮಗ ಮಾತ್ರ ಓಡಲಾಗದೆ ಅಲ್ಲೇ ಕುಸಿದಿದ್ದ. ನಾನು ಹತ್ತಿರ ಹೋಗಿ, ಅದು ಟಿವಿ ಕಣಪ್ಪ ಅಂತ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಜೇಬಿನಲ್ಲಿದ್ದಷ್ಟನ್ನೂ ತೆಗೆದು ನನ್ನ ಕೈಗೆ ತುರುಕಿದ.

"ಅಪ್ಪಂಗೆ ಹೇಳ್ರಿ, ವಂತಿಗೆ ಕಟ್ಟಿದೀನಿ, ಮತ್ತೆ ಬರೋ ತೊಂದ್ರೆ ತಗೋಬೇಡಿ ಅಂತ."

ಹಿಂದಿನ ಸಾಲು

ತೆಂಗಿನ ತೋಟದ ಗೌಡರ ವಾದ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅವರ ಮನೆಯಲ್ಲಿ ಸ್ವಂತ ಟಿವಿ ಇತ್ತು. "ನನ್ನ ಟಿವಿ ನಾನು ನೋಡ್ತೀನಿ. ಊರ ಟಿವಿಗೆ ನಾನ್ಯಾಕೆ ಕೊಡ್ಲಿ? ಆ ಸ್ಮಶಾನದ ಕೊಂಪೆಗೆ ನನ್ನ ಮನೆಯೋರು ಕಾಲಿಡಲ್ಲ" ಅಂದರು.

"ನಿಮ್ಮನೇಲಿ ಬೋರ್‌ವೆಲ್ ಐತೆ ಅಂತ ಊರ ನೀರಿನ ಕಂದಾಯ ಬಿಟ್ಟಿದೀವಾ ಗೌಡ್ರೇ?" ಅಂತ ಅಧ್ಯಕ್ಷರು ಕೇಳಿದರು. ಗೌಡರು ಜಗ್ಗಲಿಲ್ಲ. ತಿಂಗಳ ಕೊನೆಯವರೆಗೆ ಗಡುವು ಕೊಟ್ಟು ಸುಮ್ಮನಾದೆವು.

ಆ ಭಾನುವಾರ ಸಂಜೆ ಸಿನಿಮಾ. ಮಾರ್ಗಶಿರದ ಚಳಿ, ಕೆರೆಯ ಮೇಲಿನ ಮಂಜು ಬೇಲಿ ದಾಟಿ ಭವನದ ಬಾಗಿಲವರೆಗೆ ಬಂದಿತ್ತು. ದೀಪ ಆರಿಸಿ ಟಿವಿ ಹಚ್ಚಿದ ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ತಣ್ಣನೆ ಗಾಳಿ ಬಡಿಯಿತು. ಸ್ಮಶಾನದ ಕಡೆಯ ಹಿಂಬಾಗಿಲು ತೆರೆದಿತ್ತು. ಹಿಂದಿನ ಸಾಲಿನಲ್ಲಿ, ಈಗಷ್ಟೇ ಖಾಲಿ ಇದ್ದ ಕಡೆ, ಕಂಬಳಿ ಮುಸುಕಿನ ಆಕೃತಿಗಳು ಸಾಲಾಗಿ ಕೂತಿದ್ದವು. ದೊಡ್ಡವು, ಚಿಕ್ಕವು. ಬಂದ ಸದ್ದಿಲ್ಲ, ಮುಖವಿಲ್ಲ. ಕೆಮ್ಮೂ ಇಲ್ಲ.

ಸುದ್ದಿ ಬಾಯಿಂದ ಬಾಯಿಗೆ ಮುಂದಿನ ಸಾಲಿನವರೆಗೆ ಹರಿಯಿತು. ಒಬ್ಬರೂ ತಿರುಗಿ ನೋಡಲಿಲ್ಲ. ಒಂದಕ್ಕೆ ಹೋಗಬೇಕಾದವರೂ ಬಿಗಿಹಿಡಿದು ಕೂತರು. ನನಗೆ ದೇವರ ಹೆಸರೇ ಜ್ಞಾಪಕಕ್ಕೆ ಬರಲಿಲ್ಲ. ಮಾಲೇಕಲ್ಲು ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆಂದು ಆಮೇಲೆ ಹೇಗೋ ಹರಕೆ ಹೊತ್ತೆ.

ಸಿನಿಮಾದಲ್ಲಿ ಹಾಸ್ಯದವನು ಕೋಳಿ ಹಿಡಿಯಲು ಹೋಗಿ ಸಗಣಿ ತಿಪ್ಪೆಗೆ ಬಿದ್ದ. ಮುಂದೆ ಯಾರೂ ನಗಲಿಲ್ಲ, ನಗುವ ಸ್ಥಿತಿ ಯಾರಿಗಿತ್ತು. ಆದರೆ ಹಿಂದಿನ ಸಾಲಿನ ದೊಡ್ಡ ಮುಸುಕು ಅಲುಗಾಡಿತು. ಆಮೇಲೆ ಒಳಗಿನಿಂದ "ಹೊಹ್ಹೊಹ್ಹೋ... ಅಯ್ಯಯ್ಯಪ್ಪೋ" ಅಂತ ಒಂದು ನಗು. ತೆಂಗಿನಕಾಯಿ ವ್ಯಾಪಾರ ಮುಗಿದಾಗಲೆಲ್ಲ ಊರಿಡೀ ಕೇಳುತ್ತಿದ್ದ ನಗು ಅದು.

ವಿಚಾರಿಸಿದರೆ, ಗೌಡರ ಟಿವಿ ಕೆಟ್ಟು ಅರಸೀಕೆರೆಗೆ ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ನಾನು ಅವರ ಜಗಲಿಗೆ ಹೋಗಿ ವಿನಯದಿಂದ ಕೇಳಿದೆ.

"ಗೌಡ್ರೇ, ನಿನ್ನೆ ಸ್ಮಶಾನದ ಕಡೆಯಿಂದ ಒಂದು ಸಂಸಾರ ಸಿನಿಮಾಕ್ಕೆ ಬಂದಿತ್ತು. ಅವರ ವಂತಿಗೆ ಯಾರ ಮನೆ ಲೆಕ್ಕಕ್ಕೆ ಹಾಕ್ಲಿ?"

ಗೌಡರು ಒಳಗೆ ಹೋಗಿ ದುಡ್ಡು ತಂದುಕೊಟ್ಟರು. ಮುಡಿ ಕೊಟ್ಟ ಖರ್ಚು ಮಾತ್ರ ನನ್ನ ಮೇಲೇ ಬಿತ್ತು.

ಒಂದು ಹೆಜ್ಜೆ ಹಿಂದೆ

ನೀರುಗಂಟಿ ಅಜ್ಜಿಯದು ಎಲ್ಲಕ್ಕಿಂತ ಬೇರೆ. ಅವಳ ಗಂಡ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದ. ಅವನು ತೀರಿಹೋಗಿ ವರ್ಷವಾಗಿತ್ತು. ಅಜ್ಜಿಗೆ ಮಕ್ಕಳಿಲ್ಲ.

ಆಗ ನಮ್ಮ ಟಿವಿಯಲ್ಲಿ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ತೆರೆಯ ಮೇಲೆ ಯಾರೇ ಬಂದರೂ ಅವರ ಬಲಕ್ಕೆ ಒಂದು ಮಸುಕು ನೆರಳೂ ಬರುತ್ತಿತ್ತು. ಮೊದಲ ದಿನ ವಾರ್ತೆ ಶುರುವಾದಾಗ ಮುಂದೆ ಕೂತಿದ್ದ ಅಜ್ಜಿ ಸೆರಗು ತಲೆಗೆಳೆದುಕೊಂಡು ನೆಟ್ಟಗಾದಳು. ಮುಗಿಯುವವರೆಗೂ ರೆಪ್ಪೆ ಬಡಿಯಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಸಣ್ಣಗೆ ಹೇಳಿದಳು.

"ನಮ್ಮನೆಯೋರು ಬಂದಿದ್ರು ಕಣಪ್ಪ. ವಾರ್ತೆ ಓದೋರ ಹಿಂದೆ ನಿಂತಿದ್ರು. ದೊಡ್ಡೋರು ಮಾತಾಡೋವಾಗ ಯಾವಾಗ್ಲೂ ಹಂಗೇ, ಒಂದು ಹೆಜ್ಜೆ ಹಿಂದೆ ನಿಂತ್ಕಳೋರು."

ಆ ತಿಂಗಳು ಅಜ್ಜಿ ಎರಡು ಒಲೆಯ ವಂತಿಗೆ ಕೊಟ್ಟಳು. ನಾನು ಒಂದೇ ಸಾಕು ಅಂದೆ. "ಒಂದು ನಂದು, ಒಂದು ಅವರ್ದು. ಬಿಟ್ಟಿ ಬಂದು ನಿಂತ್ಕಳೋ ಮನುಷ್ಯ ಅಲ್ಲ ಅವರು" ಅಂದಳು. ಅವತ್ತು ಸಂಜೆ ನಾನೂ ಗಮನವಿಟ್ಟು ನೋಡಿದೆ. ವಾರ್ತೆ ಓದುವವರು ತಲೆ ತಗ್ಗಿಸಿದರು. ನೆರಳು ಕಣ್ಣೆವೆ ಬಡಿಯುವಷ್ಟು ತಡೆದು ತಗ್ಗಿಸಿತು ಅನ್ನಿಸಿತು. ನಾನು ಬಾಗಿಲ ಕಡೆಗೆ ಸರಿದು ಕೂತೆ. ಅಜ್ಜಿ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಹಾಯಾಗಿ ಕೂತಿದ್ದಳು.

ವಂತಿಗೆ ದುಡ್ಡು ಕೂಡಿದ ಮೇಲೆ ಅಧ್ಯಕ್ಷರು ಅರಸೀಕೆರೆಯ ಮೆಕ್ಯಾನಿಕ್‌ನನ್ನು ಕರೆಸಿ ಎತ್ತರದ ಕಂಬಕ್ಕೆ ಹೊಸ ಆಂಟೆನಾ ಹಾಕಿಸಿದರು. ಚಿತ್ರ ತೊಳೆದಿಟ್ಟ ಹಾಗೆ ಬಂತು. ಊರೆಲ್ಲ ಚಪ್ಪಾಳೆ ತಟ್ಟಿತು. ವಾರ್ತೆಯ ನಡುವೆ ಅಜ್ಜಿ ಎದ್ದು ಮನೆಗೆ ಹೋದಳು.

ಮುಂದಿನ ತಿಂಗಳು ಅವಳು ಬಾಗಿಲನ್ನೇ ಪೂರ್ತಿ ತೆಗೆಯಲಿಲ್ಲ. "ನಾನೇನು ಟಿವಿಗೆ ಕೊಡ್ತಿದ್ನಾ? ಅವರು ಬರಂಗಿಲ್ಲ ಅಂದ್ಮೇಲೆ ಯಾಕೆ ಕೊಡ್ಲಿ?" ಅಂದಳು. ಹಿಂದೆ ಮನೆಯೊಳಗೆ ದೀಪವಿರಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಒಬ್ಬ ಮನುಷ್ಯನನ್ನು ಅವಳು ಎರಡು ಸಲ ಕಳೆದುಕೊಂಡಿದ್ದಳು, ಎರಡನೇ ಸಲ ನಮ್ಮಿಂದ.

ಊರಿಗೂ ಇಕ್ಕಟ್ಟು. ಒಂದೊಲೆ ತಪ್ಪಿತು, ಕಟ್ಟುಪಾಡಿನ ಪ್ರಕಾರ ಟಿವಿಗೆ ಬೀಗ. ಅಜ್ಜಿಗೆ ಬಿಟ್ಟರೆ ಗೌಡರು ಸಿದ್ಧವಾಗಿ ಕೂತಿದ್ದರು, ನನಗೂ ಬಿಡಿ ಅನ್ನಲು. ಅಧ್ಯಕ್ಷರು ಮೆಕ್ಯಾನಿಕ್‌ನನ್ನು ಅಜ್ಜಿಯ ಮನೆಗೆ ಕರೆತಂದರು.

"ಅದು ನಿಮ್ಮನೆಯೋರಲ್ಲ ಕಣಜ್ಜಿ" ಅಂತ ಮೆಕ್ಯಾನಿಕ್ ಶುರುಮಾಡಿದ. "ಚಿತ್ರ ಒಂದು ನೇರವಾಗಿ ಬತ್ತೈತೆ. ಇನ್ನೊಂದು ಗುಡ್ಡಕ್ಕೆ ಬಡಿದು, ಸುತ್ತಿಕೊಂಡು, ತಡವಾಗಿ ಬತ್ತೈತೆ. ಅದೇ ನೆರಳು."

"ಅವರೇ ಕಣಪ್ಪ" ಅಂದಳು ಅಜ್ಜಿ. "ಯಾವತ್ತು ನೆಟ್ಟಗೆ ಮನೆಗೆ ಬಂದಿದ್ರು? ಗುಡ್ಡ ಸುತ್ತಿ ತಡವಾಗೇ ಬತ್ತಿದ್ದದ್ದು."

ಮೆಕ್ಯಾನಿಕ್ ತನ್ನ ಚೀಲ ಎತ್ತಿಕೊಂಡ. ವಾರ್ತೆಯ ಹೊತ್ತು ಮಾತ್ರ ಆಂಟೆನಾವನ್ನು ಮೊದಲಿನ ದಿಕ್ಕಿಗೆ ತಿರುಗಿಸಬೇಕೆಂದು ಅಧ್ಯಕ್ಷರು ಅಲ್ಲೇ ತೀರ್ಮಾನ ಮಾಡಿದರು.

ಅವತ್ತು ಸಂಜೆ ಇಡೀ ಊರು ಭವನದಲ್ಲಿ ಸೇರಿತ್ತು. ಅಜ್ಜಿ ಒಗೆದ ಸೀರೆ ಉಟ್ಟು ಮುಂದೆ ಕೂತಿದ್ದಳು. ಮಾಡಿನ ಮೇಲೆ ಮಂಜಿನೊಳಗೆ ನಿಂತಿದ್ದ ಮೆಕ್ಯಾನಿಕ್ ಕಂಬ ತಿರುಗಿಸುತ್ತಾ ಕೂಗಿದ. "ಬಂದ್ರಾ?"

"ಇಲ್ಲ" ಅಂತ ಊರೆಲ್ಲ ಒಂದೇ ಧ್ವನಿಯಲ್ಲಿ ಹೇಳಿತು.

"ಈಗ?"

"ಇನ್ನೂ ಸ್ವಲ್ಪ ಸ್ಮಶಾನದ ಕಡೆಗೆ ತಿರುಗಿಸು" ಅಂದರು ಅಧ್ಯಕ್ಷರು.

ಕಂಬ ಕಿರ್ ಅಂದಿತು. ವಾರ್ತೆ ಓದುವ ಹೆಂಗಸಿನ ಹಿಂದೆ ಬೆಳ್ಳಗೆ ಏನೋ ಅಲುಗಿತು. ಮೆಲ್ಲಗೆ ಭುಜ ಬಂತು, ತಗ್ಗಿಸಿದ ತಲೆ ಬಂತು. ಅಜ್ಜಿ ಎರಡೂ ಕೈ ಎದೆಗೊತ್ತಿಕೊಂಡು, "ಬಂದ್ರು" ಅಂದಳು. ಹಿಂದೆ ಗೌಡರು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಮೇಲಿನವನಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಂದು ಚೂರು ತಿರುಗಿಸಿದ. ಆ ನೆರಳಿನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ, ಇನ್ನೊಂದು ನೆರಳು ಎದ್ದಿತು. ಉದ್ದ ಕೂದಲಿನದು.

ಅಜ್ಜಿ ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಎದ್ದು, ಎಲೆ ಅಡಿಕೆ ಚೀಲ ಬಿಚ್ಚಿ, ಒಂದೊಲೆಯ ದುಡ್ಡನ್ನು ಮಾತ್ರ ಎಣಿಸಿ ನನ್ನ ಕೈಗಿಟ್ಟಳು.

"ನಂದು ತಗೋ. ಅವರ್ದು ಇನ್ಮೇಲೆ ಆವಮ್ಮನ ಹತ್ರ ಇಸ್ಕೋ."