ಗಿರಿ ಬರೆದ ಫ್ಯಾಟು

ಗಿರಿಯ ಮದುವೆ ಗಟ್ಟಿಯಾಗಲು ಬೆಳಗಿನ ಹಾಲು ಅಳೆಯುವುದೊಂದೇ ಬಾಕಿಯಿತ್ತು. ಬಂಗಾರಪೇಟೆ ಪಕ್ಕದ ಅವನೂರಿನ ಡೈರಿ ಅಧ್ಯಕ್ಷ ರಾಮಚಂದ್ರಪ್ಪನವರು, ಮಗಳು ನವ್ಯಳನ್ನು ಕೊಡುವ ಮಾತಿಗೆ ಒಂದೇ ಷರತ್ತು ಹಾಕಿದ್ದರು.

"ನಮ್ ಡೈರಿಗೆ ನೀನು ಬರ್ದಿರೋ ಪ್ರೋಗ್ರಾಮು ನಾಳೆ ಜನದ ಮುಂದೆ ಓಡ್ಬೇಕು. ಓಡುದ್ರೆ ಸಂಜೆಗೇ ತಾಂಬೂಲ ಕಣ್ಲಾ."

ಗಿರಿ ಊರಿಗಾಂನ ಪುಟ್ಟ ಆಫೀಸೊಂದರಲ್ಲಿ ಜಾವಾ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವನು. ಹಾಲಿನ ಕೊಬ್ಬು ಅಂದರೆ ಫ್ಯಾಟು, ನೀರು ಎರಡನ್ನೂ ಅಳೆಯುವ ಮಿಷನ್ನು ಇದ್ದದ್ದು ಡೈರಿಯಲ್ಲಿ, ಅವನು ಪರೀಕ್ಷೆ ನಡೆಸಬೇಕಾದ್ದು ಮನೆಯಲ್ಲಿ. ಹಾಗಾಗಿ ಕಸುಬಿನವರೆಲ್ಲ ಮಾಡುವಂತೆ ಪ್ರೋಗ್ರಾಮಿನೊಳಗೇ ಒಂದು ಸುಳ್ಳು ಮಿಷನ್ನು ಕಟ್ಟಿಕೊಂಡಿದ್ದ. ಅದಕ್ಕೆ ಸ್ವಂತ ಬುದ್ಧಿಯಿಲ್ಲ, ಏನು ಉತ್ತರ ಕೊಡಬೇಕೆಂದು ಗಿರಿಯೇ ಬರೆದಿಡಬೇಕು. ಯಾರ ಹಾಲು ಬಂದರೂ ಒಳ್ಳೆ ಗಟ್ಟಿ ಹಾಲಿನ ಫ್ಯಾಟು 'ನಾಲ್ಕೂವರೆ' ಅನ್ನು ಎಂದು ಬರೆದ. ನೀರು ಬೆರೆಸಿದ ಹಾಲು ವಾಪಸ್ ಕಳಿಸುವುದನ್ನೂ ಪರೀಕ್ಷೆ ಮಾಡಿ ನೋಡಬೇಕಲ್ಲ, ಅದಕ್ಕೊಂದು ಹೆಸರು ಬೇಕಾಯಿತು. ತಲೆಯಲ್ಲಿ ಭಾವೀ ಮಾವ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ರಾಮಚಂದ್ರಪ್ಪ ಬಂದರೆ 'ನೀರು, ವಾಪಸ್' ಅನ್ನು ಎಂದು ಬರೆದು ಒಬ್ಬನೇ ನಕ್ಕ.

ಬೆಳಗ್ಗೆ ಗಡಿಬಿಡಿಯಲ್ಲಿ ಸುಳ್ಳು ಮಿಷನ್ನು ತೆಗೆಯಲು ಮರೆತು ಡೈರಿಯ ಕಂಪ್ಯೂಟರಿಗೆ ಹಾಕಿದ್ದೂ ಅದನ್ನೇ.

ಹಾಲು ಹಾಕುವವರ ಸಾಲಿನಲ್ಲಿ ಮೊದಲು ನಿಂತವಳು ಮೀನಾ. ಅವಳು ತರುವ ನೀರು ಹಾಲಿನಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಊರೇ ಆಡಿಕೊಳ್ಳುತ್ತಿತ್ತು. ಪರದೆಯ ಮೇಲೆ 'ನಾಲ್ಕೂವರೆ' ಬಂತು. ಅವಳು ಕುಣಿದೇಬಿಟ್ಟಳು. ಮುದುಕ ಶ್ರೀನಿವಾಸಪ್ಪನಿಗೂ ನಾಲ್ಕೂವರೆ.

"ಇಷ್ಟು ದಿನ ಪಾಪ ಆ ಹಸೂನ ಸುಮ್ಸುಮ್ನೆ ಬೈತಿದ್ನಲ್ಲಪ್ಪಾ!" ಎಂದು ಮುದುಕ ಕಣ್ಣೊರೆಸಿಕೊಂಡ.

ಆಗ ರಾಮಚಂದ್ರಪ್ಪನವರು ಶಲ್ಯ ಸರಿಮಾಡಿಕೊಂಡು ತಮ್ಮ ಕ್ಯಾನು ಇಟ್ಟರು. 'ನೀರು, ವಾಪಸ್.'

"ಅಧ್ಯಕ್ಷರ ಹಸು ಬಾವೀಲಿ ಮೇಯ್ತದಾ?" ಎಂದಳು ಮೀನಾ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು.

ಗಿರಿ ಕಂಪ್ಯೂಟರಿನ ಮುಂದಿನಿಂದ ಎದ್ದು ಓಡಿಬಂದ. "ಮಾವಾ, ತೆಪ್ಪು ನಂದು! ಮಿಷನ್ನು ಏಳಿದ್ದಲ್ಲ ಅದು, ನಾನು ಬರ್ದಿದ್ದು!"

"ನೀನ್ಯಾಕ್ಲಾ ಬರ್ದೆ?"

"ಸುಮ್ನೆ... ಪರೀಕ್ಷೆಗೆ..."

"ಉಡುಗ್ ಬುದ್ಧಿ, ಬುಡಣ್ಣ" ಎಂದ ಶ್ರೀನಿವಾಸಪ್ಪ.

ರಾಮಚಂದ್ರಪ್ಪನವರು ಕ್ಯಾನನ್ನು ಮತ್ತೆ ಮುಂದಕ್ಕೆ ತಳ್ಳಿದರು. "ನಿಜವಾದ ಮಿಷನ್ನಿಗೆ ಜೋಡ್ಸು. ನನ್ ಆಲಲ್ಲಿ ನೀರಿಲ್ಲಾಂತ ಊರು ನೋಡ್ಲಿ. ಆಮೇಲೆ ಎಲ್ಲಾ ಮರ್ತುಬುಡ್ತೀನಿ."

ಗಿರಿ ವೈರು ಜೋಡಿಸಿದ. ಸುಳ್ಳನ್ನೆಲ್ಲ ಅಳಿಸಿದ. ಅದೇ ಕ್ಯಾನಿನ ಹಾಲು ನಿಜವಾದ ಮಿಷನ್ನಿಗೆ ಹೋಯಿತು.

'ನೀರು, ವಾಪಸ್.'

ರಾಮಚಂದ್ರಪ್ಪನವರು ತಿರುಗಿ ಬಾಗಿಲ ಕಡೆ ನೋಡಿದರು. ಬಾಗಿಲ ಬಳಿಯಿಂದ ರಾಮಚಂದ್ರಪ್ಪನವರ ಹೆಂಡತಿ ಅಕ್ಕಯ್ಯಮ್ಮನ ದನಿ ಬಂತು.

"ನನ್ನೇನ್ ನೋಡ್ತೀರಿ? ಸಂಜೆ ತಾಂಬೂಲಕ್ಕೆ ಪಾಯ್ಸ ಮಾಡ್ಬೇಕಲ್ಲಾಂತ ಅರ್ಧ ಆಲು ಎತ್ತಿಟ್ಟು, ಕ್ಯಾನು ತುಂಬ್ಲೀಂತ ನೀರು ಬುಟ್ಟೆ. ಎಲ್ಲಾ ಅಳಿಯಂಗೇ ಅಲ್ವಾ!"

ನಗು ಹೊರಗಿನ ರಸ್ತೆಗೂ ಕೇಳಿಸಿತು. ಅಮ್ಮನ ಹಿಂದೆ ನಿಂತಿದ್ದ ನವ್ಯಳೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ರಾಮಚಂದ್ರಪ್ಪನವರು ಕ್ಯಾನಿನ ಮುಚ್ಚಳ ಬಿಗಿದರು.

"ಸುಳ್ಳು ಬರ್ದು ಒಂದ್ಸಲ ಮಾನ ಕಳ್ದೆ, ನಿಜ ತೋರ್ಸಿ ಇನ್ನೊಂದ್ಸಲ ಕಳ್ದೆ. ಪಾಯ್ಸ ನಾವೇ ಕುಡ್ಕೊಂತೀವಿ. ನೀನು ಮನೇಗ್ ಓಗಪ್ಪಾ."